ತಗುಲಿದ್ದು ಅವರ ಚಕ್ರ, ಬಿದ್ದಿದ್ದು ನಾನು

ಪ್ರಶ್ನೆ: ಕಳೆದ ಭಾನುವಾರ ಮೊದಲ ಸಲ ಒಂದು ಗುಂಪಿನ ಜೊತೆ ಹೆಬ್ಬಾಳದಿಂದ ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿದೆ. ದೇವನಹಳ್ಳಿ ದಾಟಿದ ಮೇಲೆ ಮುಂದಿದ್ದವರು ಗುಂಡಿ ನೋಡಿ ತಟ್ಟನೆ ಬಲಕ್ಕೆ ಸರಿದರು. ಅವರ ಹಿಂದಿನ ಚಕ್ರ ನನ್ನ ಮುಂದಿನ ಚಕ್ರಕ್ಕೆ ತಗುಲಿ ನಾನು ಬಿದ್ದೆ, ಮೊಣಕೈ ತರಚಿತು. ಅವರಿಗೆ ಏನೂ ಆಗಲಿಲ್ಲ. ಆದರೂ ಎಲ್ಲರೂ ತಪ್ಪು ನನ್ನದೇ ಅಂದರು. ಇದು ನ್ಯಾಯವಾ?

ಉತ್ತರ: ಬೇಜಾರು ಮಾಡ್ಕೋಬೇಡಿ, ಮುಕ್ಕಾಲು ಪಾಲು ನಿಮ್ಮದೇ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ನುಗ್ಗಿತ್ತು, ಅಲ್ವಾ? ಅಲ್ಲೇ ಎಡವಟ್ಟು. ಸೈಕಲ್ ಬೀಳದೆ ನಿಲ್ಲುವುದು ನಾವು ಹ್ಯಾಂಡಲ್ ಆಚೀಚೆ ಮಾಡಿ ಸರಿದೂಗಿಸುತ್ತಾ ಇರುವುದರಿಂದ. ಮುಂದಿನ ಚಕ್ರ ಯಾವುದಕ್ಕಾದರೂ ಒತ್ತಿಕೊಂಡಿತೋ, ಆ ಆಟ ಮುಗಿಯಿತು. ಅದಕ್ಕೇ ಇಂಥ ಕಡೆ ಬೀಳುವವರು ಸಾಮಾನ್ಯವಾಗಿ ಹಿಂದಿನವರೇ.

ಅಂಟಿಕೊಂಡು ಹೋಗುವ ಆಸೆ ಯಾಕೆ ಅಂತ ಗೊತ್ತು. ಮುಂದಿನವರು ಗಾಳಿ ಸೀಳಿಕೊಡುತ್ತಾರೆ, ನಮ್ಮ ಕಾಲಿಗೆ ಸುಖ. ಆದರೆ ಒಂದಡಿ ಅಂತರದಲ್ಲಿ ಓಡಿಸುವುದು ವರ್ಷಗಟ್ಟಲೆ ಒಟ್ಟಿಗೆ ತುಳಿದವರ ಕೆಲಸ. ನೀವು ಸದ್ಯಕ್ಕೆ ಒಂದು ಸೈಕಲ್‌ನಷ್ಟು, ವೇಗ ಜಾಸ್ತಿಯಾದರೆ ಇನ್ನೂ ಹೆಚ್ಚು ಜಾಗ ಬಿಡಿ. ಅವರ ಚಕ್ರವನ್ನೇ ದಿಟ್ಟಿಸಬೇಡಿ, ಭುಜದಾಚೆ ರಸ್ತೆ ನೋಡಿ.

ಉಳಿದ ಕಾಲು ಪಾಲು ಅವರದ್ದು. ಮುಂದಿರುವವರೇ ಹಿಂದಿನವರ ಕಣ್ಣು. 'ಗುಂಡಿ!' ಅಂತ ಕೂಗಿ ಮೆಲ್ಲಗೆ ಸರಿಯಬೇಕಿತ್ತು. ಕೈ ತೋರಿಸಿದರೆ ಇನ್ನೂ ಒಳ್ಳೆಯದು, ಆದರೆ ಕಿತ್ತುಹೋದ ರಸ್ತೆಯಲ್ಲಿ ಕೈ ಬಿಡುವುದು ಬೇಡ, ಬಾಯಿ ಸಾಕು. ಅಂದಹಾಗೆ ಉಗಿಯುವುದು, ಸಿಂಬಳ ತೆಗೆಯುವುದು ಏನಿದ್ದರೂ ಸಾಲಿನ ಕೊನೆಗೆ ಹೋಗಿ. ಒಮ್ಮೆ ಇದು ನನ್ನ ಕನ್ನಡಕದ ಮೇಲೇ ಬಿದ್ದಿದೆ, ಹೇಳಿಕೊಳ್ಳೋಕೂ ಆಗಲ್ಲ.

ಬೆಟ್ಟ ಇಳಿಯುವಾಗ ಗಾಳಿಯ ಲೆಕ್ಕ ಪೂರ್ತಿ ಮರೆತುಬಿಡಿ. 1,478 ಮೀಟರ್ ಎತ್ತರದ ಜಾಗ, ಬೆಳಗ್ಗೆ ಮಂಜಿಗೆ ರಸ್ತೆ ಒದ್ದೆ ಇರುತ್ತದೆ, ಎದುರಿಗೆ ಮೇಲಕ್ಕೆ ಬರುವ ಕಾರು, ಬೈಕು, ನಡುವೆ ಕೋತಿಗಳು ಬೇರೆ. ನಾಲ್ಕೈದು ಸೈಕಲ್‌ನಷ್ಟು ಅಂತರವಿರಲಿ. ಬ್ರೇಕ್ ತಿರುವಿಗೆ ಮೊದಲೇ ಹಿಡಿಯಿರಿ, ತಿರುವಿನೊಳಗಲ್ಲ.

ಬಿದ್ದಾಗ ಹೆಲ್ಮೆಟ್ ನೆಲಕ್ಕೆ ಬಡಿದಿದ್ದರೆ ಸುಮ್ನೆ ಒರೆಸಿ ಹಾಕ್ಕೋಬೇಡಿ, ಬದಲಿಸಿ. ಇನ್ನೊಂದು ವಿಷಯ, ನೀವು ಬಿದ್ದಾಗ ಅವರು ನಿಂತರಾ? ನೀವದನ್ನು ಬರೆದಿಲ್ಲ. ನಿಲ್ಲದೆ ಹೋಗಿದ್ದರೆ ಗುಂಪನ್ನೂ ಬದಲಿಸಿ.