ಹಿತ್ತಿಲಿನಲ್ಲಿ ಕಂಡ ಕೊಂಬಿನ ದುಂಬಿ

ಪ್ರಶ್ನೆ: ಮಳೆ ಆರಂಭವಾದ ವಾರದಲ್ಲಿ ನಮ್ಮ ಹಿತ್ತಿಲಿನ ಹಳೆಯ ಹಲಸಿನ ಬೊಡ್ಡೆಯ ಬಳಿ, ಜಿಂಕೆಯ ಕೊಂಬಿನಂತಹ ಎರಡು ಚಾಚುಗಳಿದ್ದ ಕಪ್ಪು ದುಂಬಿಯೊಂದು ಕಂಡಿತು. ಇದು ತೆಂಗಿಗೆ ಬರುವ ಕುರುವಾಯಿ ಕೀಟವೇ? ಕೊಲ್ಲಬೇಕೇ?
— ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಕೊಲ್ಲಬೇಡಿ. ನಿಮ್ಮ ವರ್ಣನೆಯು ಲುಕಾನಿಡೇ ಎಂಬ, ಜಿಂಕೆಕೊಂಬಿನ ದುಂಬಿಗಳ (ಸ್ಟ್ಯಾಗ್ ಬೀಟಲ್) ಕುಟುಂಬದ ಗಂಡು ದುಂಬಿಗೆ ಹೊಂದುತ್ತದೆ. ಕುರುವಾಯಿಯ ತಲೆಯ ಮೇಲೆ ಅಲುಗಾಡದ ಒಂದೇ ಕೊಂಬಿರುತ್ತದೆ. ನೀವು ಕಂಡ ಚಾಚುಗಳಾದರೋ ಹಿಗ್ಗಿ ಬೆಳೆದ ದವಡೆಗಳು, ಅವುಗಳಿಂದಲೇ ಗಂಡುಗಳು ಪರಸ್ಪರ ಕಾದಾಡುತ್ತವೆ.

ಕುರುವಾಯಿಯು ತೆಂಗಿನ ಸುಳಿಯನ್ನು ಕೊರೆಯುತ್ತದೆ, ಅಡಿಕೆ ತೋಟದ ಬೇರುಹುಳು ಜೀವಂತ ಬೇರನ್ನು ತಿನ್ನುತ್ತದೆ. ಈ ದುಂಬಿಯ ಮರಿಹುಳುವಾದರೋ ಅಣಬೆ ಹಿಡಿದು ಮೆತ್ತಗಾದ ಸತ್ತ ಮರವನ್ನಷ್ಟೇ ತಿಂದು, ಅದರ ಸಾರವನ್ನು ಮಣ್ಣಿಗೆ ಮರಳಿಸುವ ಕೆಲಸದಲ್ಲಿ ಪಾಲ್ಗೊಳ್ಳುತ್ತದೆ. ಬದುಕಿನ ಬಹುಭಾಗವನ್ನು, ಎಷ್ಟೋ ಪ್ರಭೇದಗಳಲ್ಲಿ ವರ್ಷಗಳನ್ನೇ, ಮರದೊಳಗೆ ಕಳೆಯುವುದರಿಂದಲೂ, ಪ್ರೌಢಾವಸ್ಥೆಯಲ್ಲಿ ಹೆಚ್ಚಾಗಿ ರಾತ್ರಿ ಸಂಚರಿಸುವುದರಿಂದಲೂ ಇದು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಪ್ರೌಢ ದುಂಬಿಯ ಆಹಾರವೆಂದರೆ ಮರದಿಂದ ಒಸರುವ ರಸ ಮತ್ತು ಕಳಿತ ಹಣ್ಣು.

ಆದ್ದರಿಂದ ಆ ಬೊಡ್ಡೆಯನ್ನು ಸೌದೆಗೆಂದು ಸೀಳದೆ, ಗೆದ್ದಲಿನ ಔಷಧವನ್ನೂ ಹಾಕದೆ ಇದ್ದಲ್ಲಿಯೇ ಬಿಡಿ. ಹಿತ್ತಿಲನ್ನು ಅತಿಯಾಗಿ ಚೊಕ್ಕಟ ಮಾಡುವ ನಮ್ಮ ಅಭ್ಯಾಸವೇ ಇಂತಹ ಜೀವಿಗಳ ನೆಲೆಯನ್ನು ಕಳೆಯುತ್ತಿದೆ ಎಂಬುದು ನನ್ನ ದೃಢ ಅಭಿಪ್ರಾಯ. ಜಗತ್ತಿನಲ್ಲಿ ಈ ಕುಟುಂಬದ ಸುಮಾರು 1,200 ಪ್ರಭೇದಗಳಿವೆ. ನಿಖರವಾದ ಹೆಸರು ಬೇಕಿದ್ದರೆ, ಮತ್ತೆ ಕಂಡಾಗ ಮೇಲಿನಿಂದ ಹಾಗೂ ಪಕ್ಕದಿಂದ, ಅಳತೆಪಟ್ಟಿ ಇಟ್ಟು ಛಾಯಾಚಿತ್ರ ತೆಗೆದು, ದಿನಾಂಕದೊಡನೆ ಶಿರಸಿಯ ಅರಣ್ಯ ಮಹಾವಿದ್ಯಾಲಯದ ಕೀಟತಜ್ಞರಿಗೆ ತೋರಿಸಬಹುದು.