ಹಿಮ ತಡೆದುಕೊಳ್ಳುವ ಆಲ್ಪೈನ್ (ಎತ್ತರದ ಬೆಟ್ಟದ) ಗಿಡಗಳು ಇಂಗ್ಲೆಂಡಿನ ತೋಟದಲ್ಲಿ ಯಾಕೆ ಕೊಳೆತುಹೋಗುತ್ತವೆ?

ಅವನ್ನು ಕೊಲ್ಲುವುದು ಚಳಿ ಅಲ್ಲ, ಚಳಿಗಾಲದ ತೇವ. ಎತ್ತರದ ಬೆಟ್ಟಗಳಲ್ಲಿ ಈ ಗಿಡಗಳು ತಿಂಗಳುಗಟ್ಟಲೆ ಹಿಮದಡಿ ಇರುತ್ತವೆ. ದಪ್ಪ ಹಿಮದ ಕೆಳಗೆ ಉಷ್ಣಾಂಶ 0 ಡಿಗ್ರಿಯ ಆಸುಪಾಸು, ಮಳೆಯ ಕಾಟ ಇಲ್ಲ. ಇಂಗ್ಲೆಂಡಿನಲ್ಲಿ ಚಳಿಗಾಲವೆಲ್ಲ ಮಳೆ ಜಿನುಗುತ್ತಲೇ ಇರುತ್ತದೆ, ಅಲ್ವಾ? ಬೇರು ಮತ್ತು ಎಲೆ ಸೇರುವ ಬುಡ ಒದ್ದೆಯಾಗೇ ಇದ್ದು ಕೊಳೆಯುತ್ತದೆ.

ಲೂಯಿಸಿಯಾ ಕೊಟಿಲೆಡಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರ ಕ್ಯಾಲಿಫೋರ್ನಿಯಾ, ದಕ್ಷಿಣ ಆರೆಗಾನ್‌ನ ಬಂಡೆಗಳಲ್ಲಿ ಬೆಳೆಯುವ ಗಿಡ. ಮೇ, ಜೂನ್‌ನಲ್ಲಿ ಹೂ ಬಿಡುತ್ತದೆ. ಗುಲಾಬಿ ದಳದ ಉದ್ದಕ್ಕೂ ಗಾಢ ಗೆರೆ, ನೋಡೋಕೆ ತುಂಬಾ ಚೆಂದ. ಆದರೆ ಅದರ ದಪ್ಪ ಎಲೆಗಳು ಬಟ್ಟಲಿನಂತೆ ಸುತ್ತಿಕೊಂಡಿರುತ್ತವೆ. ನೇರವಾಗಿ ನೆಟ್ಟರೆ ನಡುವೆ ನೀರು ನಿಂತು ಗಿಡ ಕೊಳೆತು ಹೋಗುತ್ತದೆ. ಕಲ್ಲಿನ ಸಂದಿಯಲ್ಲಿ ಅಡ್ಡವಾಗಿ ನೆಡಿ, ನೀರು ಜಾರಿಹೋಗುತ್ತದೆ.

ಉಳಿದವಕ್ಕೆ ಮಣ್ಣಿನ ಜೊತೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಣ್ಣ ಜಲ್ಲಿ ಬೆರೆಸಿ. ಬುಡದ ಸುತ್ತ 2-3 ಸೆಂ.ಮೀ. ಜಲ್ಲಿ ಹರಡುವುದನ್ನಂತೂ ಬಿಡಲೇಬೇಡಿ, ನನ್ನ ಪ್ರಕಾರ ಅದೇ ಮುಖ್ಯ. ಮಳೆ ಜಾಸ್ತಿ ಇರುವ ಕಡೆ ನವೆಂಬರಿನಿಂದ ಮಾರ್ಚ್‌ವರೆಗೆ ಮೇಲೊಂದು ಗಾಜಿನ ಹಲಗೆ ಇಡಿ. ಪಕ್ಕಗಳನ್ನು ಮಾತ್ರ ಮುಚ್ಚಬೇಡಿ, ಗಾಳಿ ಆಡಬೇಕು.

ಜೆಂಟಿಯಾನಾ ಅಕೌಲಿಸ್ ಸ್ವಲ್ಪ ಬೇರೆ. ಕಡು ನೀಲಿ ಹೂ, ಗಂಟಲೊಳಗೆ ಹಸಿರು ಚುಕ್ಕೆಗಳು. ಇದಕ್ಕೂ ನೀರು ಬಸಿದುಹೋಗಬೇಕು, ಆದರೆ ಬೇಸಿಗೆಯಲ್ಲಿ ಬೇರು ಪೂರ್ತಿ ಒಣಗಲು ಬಿಡಬಾರದು.