ಮಳೆನೀರಿನಲ್ಲಿ ನಿಂತ ಬೈಕಿನ ಇಸಿಯು ರಿಪೇರಿ ಮಾಡಿಸಬಹುದೇ?

ಮಂಗಳೂರಿನ ಕೊಟ್ಟಾರ ಚೌಕಿಯ ಬಳಿ ನೀರಿನಲ್ಲಿ ನಿಂತುಹೋದ ನಿಮ್ಮ ಬೈಕ್ ಆಮೇಲೆ ಸ್ಟಾರ್ಟ್ ಆಗಲೇ ಇಲ್ಲವೆಂದೂ, ಇಸಿಯು (ಎಂಜಿನ್ನಿಗೆ ಪೆಟ್ರೋಲನ್ನೂ ಕಿಡಿಯನ್ನೂ ಲೆಕ್ಕಹಾಕಿ ಕೊಡುವ ಪುಟ್ಟ ಕಂಪ್ಯೂಟರ್) ಹೋಗಿದೆ, ಹೊಸದಕ್ಕೆ 18,000 ರೂಪಾಯಿ ಬೀಳುತ್ತದೆ ಎಂದು ಗ್ಯಾರೇಜಿನವರು ಹೇಳಿದರೆಂದೂ ಬರೆದಿದ್ದೀರಿ. ಹಣ ಕೊಡುವ ಮೊದಲು, ಅದು ಹೋಗಿದೆ ಎಂದು ಏನನ್ನು ಅಳೆದು ತೀರ್ಮಾನಿಸಿದಿರಿ ಎಂದು ಅವರನ್ನು ಕೇಳಿ.

ನಾನು ಬೈಕ್ ಮೆಕ್ಯಾನಿಕ್ ಅಲ್ಲ, ಉಡುಪಿಯಲ್ಲಿ ಇನ್ವರ್ಟರ್, ಟಿವಿ ರಿಪೇರಿ ಮಾಡುವವನು. ಎರಡು ವರ್ಷಗಳ ಹಿಂದೆ ಜುಲೈ ತಿಂಗಳಲ್ಲಿ ನನ್ನ ಬೈಕೂ ಪಡುಬಿದ್ರಿಯ ಹತ್ತಿರ ಹೀಗೆಯೇ ನಿಂತಿತು, ನನಗೂ ಇದೇ ಮಾತನ್ನು ಹೇಳಿದರು. ಕೀ ತಿರುಗಿಸಿದಾಗ ಎರಡು ಮೂರು ಸೆಕೆಂಡ್ ಕೇಳಿಸಬೇಕಾದ ಪೆಟ್ರೋಲ್ ಪಂಪಿನ ಸದ್ದು ಇರಲಿಲ್ಲ, ಎಂಜಿನ್ ಲೈಟೂ ಉರಿಯುತ್ತಿರಲಿಲ್ಲ. ಎಕ್ಸಲರೇಟರ್ ಎಷ್ಟು ತೆರೆದಿದೆ, ಎಂಜಿನ್ ಎಳೆಯುವ ಗಾಳಿಯ ಒತ್ತಡ ಎಷ್ಟಿದೆ ಎಂದು ತಿಳಿಸುವ ಥ್ರಾಟಲ್ ಸೆನ್ಸರ್, ಪ್ರೆಶರ್ ಸೆನ್ಸರ್‌ಗಳಿಗೆ ಇಸಿಯುವೇ 5 ವೋಲ್ಟ್ ಕೊಡುತ್ತದೆ. ಆ ತಂತಿ ಎಲ್ಲಿಯಾದರೂ ಚಾಸಿಗೆ (ಬೈಕಿನ ಲೋಹದ ಚೌಕಟ್ಟಿಗೆ) ತಾಗಿ ಶಾರ್ಟ್ ಆದರೆ 5 ವೋಲ್ಟ್ ಕುಸಿಯುತ್ತದೆ, ಅದರೊಂದಿಗೆ ಕೆಲವು ಬೈಕುಗಳಲ್ಲಿ ಇಡೀ ಇಸಿಯುವೇ ಸತ್ತಂತೆ ಕಾಣುತ್ತದೆ. ಸೆನ್ಸರ್‌ಗಳ ಕಪ್ಲರ್‌ಗಳನ್ನು (ತಂತಿ ಜೋಡಿಸುವ ಪ್ಲಗ್ಗುಗಳನ್ನು) ಒಂದೊಂದಾಗಿ ಕಳಚಿದರೂ 5 ವೋಲ್ಟ್ ಮರಳಲಿಲ್ಲವಾದ್ದರಿಂದ ತಂತಿಯ ಜಾಡನ್ನೇ ಹಿಡಿದು ಹೋದೆ. ಹ್ಯಾಂಡಲ್ ತಿರುಗುವ ಕತ್ತಿನ ಬಳಿ ಅದರ ಸಿಪ್ಪೆ ಉಜ್ಜಿ ಹರಿದಿತ್ತು. ಅಲ್ಲಿಗೆ ಟೇಪ್ ಸುತ್ತಿದ ಕೂಡಲೇ ಬೈಕ್ ಸ್ಟಾರ್ಟ್ ಆಯಿತು.

ನಿಮ್ಮ ಬೈಕಿನಲ್ಲಿ ಮೊದಲು ಫ್ಯೂಸ್ ಮತ್ತು ಮೇನ್ ರಿಲೇ (ಇಸಿಯುವಿಗೆ ಕರೆಂಟ್ ಹಾಯಿಸುವ ಸ್ವಿಚ್) ನೋಡಿ, ಅನಂತರ ಬ್ಯಾಟರಿಯ ಮೈನಸ್ ಕಳಚಿ ಇಸಿಯುವಿನ ಕಪ್ಲರ್ ಬಿಚ್ಚಿ. ನಮ್ಮ ಕರಾವಳಿಯಲ್ಲಿ ಉಪ್ಪುಗಾಳಿಯೂ ನಾಲ್ಕು ತಿಂಗಳ ಮಳೆಯೂ ಸೇರಿ ಅಲ್ಲಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿಸುತ್ತವೆ, ಅದನ್ನು ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ತೆಗೆಯಬಹುದು. (ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟರೆ ಕಿಲುಬು ಹೋಗುವುದಿಲ್ಲ, ಅಕ್ಕಿ ಮಾತ್ರ ಹಾಳು.) ಮತ್ತೆ ಬ್ಯಾಟರಿ ಜೋಡಿಸಿ ಕೀ ಆನ್ ಮಾಡಿದಾಗ ಕಪ್ಲರಿನಲ್ಲಿ ಇಸಿಯುವಿಗೆ ಕರೆಂಟ್ ತರುವ ತಂತಿಯಲ್ಲಿ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು, ಕಪ್ಲರ್ ಹಾಕಿದ ಮೇಲೆ ಸೆಲ್ಫ್ ಒತ್ತುತ್ತಿರುವಾಗ ಇಸಿಯುವಿನ ಅರ್ತ್ ತಂತಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಬಾರದು. ಕರೆಂಟೂ ಅರ್ತೂ ಸರಿಯಿದ್ದು, ಸೆನ್ಸರ್‌ಗಳನ್ನೆಲ್ಲ ಕಳಚಿದರೂ, ಅವುಗಳ ತಂತಿ ಎಲ್ಲಿಯೂ ಶಾರ್ಟ್ ಆಗಿರದಿದ್ದರೂ, 5 ವೋಲ್ಟ್ ಹುಟ್ಟದಿದ್ದರೆ ಆಗ ಮಾತ್ರ ಇಸಿಯು ಹೋಗಿದೆ ಎನ್ನಬಹುದು.

ಹಾಗೆ ಹೋಗಿದ್ದರೆ ರಿಪೇರಿಯ ಆಸೆ ಕಡಿಮೆ. ಅದುರಾಟವನ್ನೂ ನೀರನ್ನೂ ತಡೆಯಲೆಂದು ಬಹುತೇಕ ಬೈಕುಗಳ ಇಸಿಯುವಿನೊಳಗೆ ರೆಸಿನ್ ಅಥವಾ ಜೆಲ್ ತುಂಬಿರುತ್ತಾರೆ. ಮೆತ್ತನೆಯ ಜೆಲ್ ಆದರೆ ಅದನ್ನು ಕೆರೆದು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಥವಾ ಕಿಡಿ ಹುಟ್ಟಿಸುವ ಕಾಯಿಲ್ ನಡೆಸುವ ಟ್ರಾನ್ಸಿಸ್ಟರ್ ಸುಟ್ಟಿದ್ದರೆ ಬದಲಿಸಬಹುದು. ಗಟ್ಟಿ ರೆಸಿನ್ ಆದರೆ ಕೆರೆಯುವಾಗ ಬೋರ್ಡಿನ ತಾಮ್ರದ ಗೆರೆಗಳೇ ಕಿತ್ತುಬರುತ್ತವೆ; ದಿನವಿಡೀ ಬೋರ್ಡುಗಳೊಡನೆ ಬದುಕುವ ನಾನೇ ಅಂಥದಕ್ಕೆ ಕೈಹಾಕುವುದಿಲ್ಲ. ವಾರಂಟಿ ಇನ್ನೂ ಇದ್ದರೆ ಇಸಿಯುವನ್ನು ಬಿಚ್ಚಲೇಬೇಡಿ.

ಹಳೆಯ ಬೈಕಿನಿಂದ ತೆಗೆದ ಇಸಿಯು ಅಗ್ಗಕ್ಕೆ ಸಿಗುತ್ತದೆಂದು ಕೊಳ್ಳುವುದಾದರೆ ಪಾರ್ಟ್ ನಂಬರ್ ಅಕ್ಷರಶಃ ಹೊಂದಬೇಕು. ಇಮ್ಮೊಬಿಲೈಸರ್ (ತನ್ನದೇ ಕೀ ಅಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ಕಳ್ಳತನ ತಡೆ) ಇರುವ ಬೈಕಿನಲ್ಲಿ ಕೀಯ ಗುರುತು ಹೊಂದಿಕೆಯಾಗದೆ ಅದು ಸ್ಟಾರ್ಟೇ ಆಗದಿರಬಹುದು. ಅನೇಕ ಮಾದರಿಗಳಲ್ಲಿ ಹೊಸ ಇಸಿಯುವಿಗೂ ಶೋರೂಮಿನ ಯಂತ್ರದಿಂದಲೇ ಪ್ರೋಗ್ರಾಂ ತುಂಬಬೇಕಾಗುತ್ತದೆ, ಆದುದರಿಂದ ಆ ಕೆಲಸದ ಕೂಲಿಯೂ 18,000ದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಹೊಸದನ್ನು ಹಾಕಿಸುವ ಮುನ್ನ ಹಳೆಯದನ್ನು ಕೊಂದದ್ದು ಯಾವುದೆಂದು ತಿಳಿಯಲೇಬೇಕು. ನನ್ನ ಭಾವನ ಬೈಕಿಗೆ ಹಾಕಿದ ಹೊಸ ಇಸಿಯು ಎರಡೇ ವಾರದಲ್ಲಿ ಸುಟ್ಟಿತು, ಏಕೆಂದರೆ ಆರ್‌ಆರ್ ಯೂನಿಟ್ (ಚಾರ್ಜಿಂಗ್ ವೋಲ್ಟೇಜ್ ಮಿತಿ ಮೀರದಂತೆ ನೋಡಿಕೊಳ್ಳುವ ರೆಗ್ಯುಲೇಟರ್ ರೆಕ್ಟಿಫೈಯರ್) ಹಾಳಾಗಿ, ಎಕ್ಸಲರೇಟರ್ ಕೊಟ್ಟಾಗಲೆಲ್ಲ 17 ವೋಲ್ಟ್ ದಾಟುತ್ತಿದ್ದುದನ್ನು ಯಾರೂ ಅಳೆದಿರಲಿಲ್ಲ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14ರಿಂದ 14.5 ವೋಲ್ಟ್ ಆಸುಪಾಸು ಇರಬೇಕು. ಈಗ ನಿಮ್ಮ ಎಂಜಿನ್ ಓಡುತ್ತಿಲ್ಲವಾದ್ದರಿಂದ, ಹೊಸದನ್ನು ಕೂರಿಸಿ ಸ್ಟಾರ್ಟ್ ಮಾಡಿದ ಮೊದಲ ನಿಮಿಷದಲ್ಲಿಯೇ ಮೀಟರ್ ಹಿಡಿದು, 15 ದಾಟಿದರೆ ಕೂಡಲೇ ಆಫ್ ಮಾಡಿ. ಕ್ರ್ಯಾಶ್ ಗಾರ್ಡಿಗೆ ಬ್ಯಾಟರಿ ಕಳಚದೆ ವೆಲ್ಡಿಂಗ್ ಮಾಡಿಸಿದ್ದೀರೋ, ಜಂಪ್ ಸ್ಟಾರ್ಟ್ ಮಾಡುವಾಗ ಪ್ಲಸ್ ಮೈನಸ್ ಅದಲುಬದಲಾಗಿತ್ತೋ ಎಂಬುದನ್ನೂ ನೆನಪಿಸಿಕೊಳ್ಳಿ. ಬೈಕಿನ ಮಾದರಿ, ವರ್ಷ ಮತ್ತು ಮೇಲಿನ ಅಳತೆಗಳನ್ನು ಇಲ್ಲಿ ಬರೆದರೆ ಮುಂದಿನದನ್ನು ನೋಡಿ ಹೇಳುತ್ತೇನೆ.